ಮೊಂತಿ ಹಬ್ಬದ ಹೂವು ಮನೆಯ ಅಮ್ಮನಿಗೂ ಸಿಗಲಿ

ಮಾನ್ಯ ಸಂಪಾದಕರೇ,

ಸೆಪ್ಟೆಂಬರ್ 8 ಕರಾವಳಿಯ ಕ್ಯಾಥೊಲಿಕರಿಗೆ ಮೊಂತಿ ಫೆಸ್ತ್. ಯೇಸುವಿನ ತಾಯಿ ಮರಿಯಮ್ಮನ ಹುಟ್ಟುಹಬ್ಬ, ಹೊಸ ತೆನೆಯ ಹಬ್ಬವೂ ಹೌದು. ಅದಕ್ಕೂ ಮೊದಲು ಒಂಬತ್ತು ದಿನ ಮಕ್ಕಳು ದಾಸವಾಳ, ಗೊಂಡೆ, ಬೇಲಿ ಬದಿಯಲ್ಲಿ ಸಿಕ್ಕಿದ ಹೂವು ಎಲ್ಲವನ್ನೂ ತಟ್ಟೆಯಲ್ಲಿ ತುಂಬಿಕೊಂಡು ಚರ್ಚಿಗೆ ಬರುತ್ತಾರೆ. ಪುಟ್ಟ ಮರಿಯಮ್ಮನ ಮೂರ್ತಿಗೆ ಹೂ ಹಾಕುವಾಗ ಅವರ ಮುಖ ನೋಡಬೇಕು! ಹಬ್ಬದ ದಿನ ಆಶೀರ್ವಾದ ಮಾಡಿದ ತೆನೆ ಮನೆಗೆ ಬರುತ್ತದೆ. ಅದರ ಕಾಳು ಸುಲಿದು, ಪುಡಿ ಮಾಡಿ, ಹಾಲಿಗೋ ಪಾಯಸಕ್ಕೋ ಬೆರೆಸಿ ಎಲ್ಲರಿಗೂ ಹಂಚುತ್ತಾರೆ. ಆಮೇಲೆ ಬಾಳೆಲೆಯಲ್ಲಿ ತರಕಾರಿ ಊಟ.

ಬೆಳಗ್ಗಿನಿಂದ ಒಲೆ ಮುಂದೆ ನಿಂತ ಅಮ್ಮ ಮಾತ್ರ ಕೊನೆಗೆ ಊಟಕ್ಕೆ ಕೂರುತ್ತಾಳೆ. ಮರಿಯಮ್ಮನಿಗೆ ಹೂ ಹಾಕಿದ ಕೈ ಅವಳಿಗೂ ಒಂದು ಹೂ ಕೊಡಬೇಕಲ್ವಾ? ಹೊಸ ಅಕ್ಕಿಯ ಮೊದಲ ಚಮಚ ಅವಳಿಗೇ ಸಿಗಲಿ.

ಇನ್ನೊಂದು ಮಾತು. ನಮ್ಮ ಕಡೆ ಎಷ್ಟೋ ಮಕ್ಕಳು ಗಲ್ಫ್‌ನಲ್ಲಿದ್ದಾರೆ, ಮನೆಯಲ್ಲಿ ವಯಸ್ಸಾದ ತಾಯಿ ಒಬ್ಬಳೇ. ಶಿಲುಬೆಯ ಮೇಲಿನ ಅಷ್ಟು ನೋವಿನಲ್ಲೂ ಯೇಸು ತನ್ನ ತಾಯಿಯನ್ನು ಶಿಷ್ಯನಿಗೆ ಒಪ್ಪಿಸಿದರು. ಆತ ಅವಳನ್ನು ತನ್ನ ಮನೆಗೇ ಕರೆದುಕೊಂಡು ಹೋದ ಎಂದು ಯೋಹಾನನ ಶುಭಸಂದೇಶದಲ್ಲಿದೆ. ಅದನ್ನು ಓದಿ ಸುಮ್ನೆ ಇರುವುದು ಹೇಗೆ? ಚರ್ಚಿನ ಪ್ರತಿ ವಾಳೆಯ, ಅಂದರೆ ವಾರ್ಡಿನ, ಮುಖ್ಯಸ್ಥರಾದ ಗುರಿಕಾರರು ಇಂಥ ತಾಯಂದಿರನ್ನು ಮೊದಲೇ ಹೋಗಿ ಮಾತಾಡಿಸಿ, ಹಬ್ಬದ ಊಟಕ್ಕೆ ಅಕ್ಕಪಕ್ಕದ ಮನೆಗೆ ಕರೆಸುವ ಏರ್ಪಾಡು ಮಾಡಲಿ. ನಡೆಯಲಾಗದವರಿದ್ದರೆ ತೆನೆ ಮತ್ತು ಊಟ ಅವರ ಮನೆಗೇ ಹೋಗಲಿ.

– ಓದುಗ, ಬಂಟ್ವಾಳ