ಓಡುತ್ತಿರುವ ಸರ್ವರ್‌ನ ಡಿಸ್ಕನ್ನು ಹಾಗೇ ನಕಲು ಮಾಡಬೇಡಿ

ಸಂಪಾದಕರಿಗೆ ನಮಸ್ಕಾರ,

ಹಳೆಯ ಯುನಿಕ್ಸ್ ಸರ್ವರ್‌ಗಳನ್ನು ವರ್ಚುವಲ್ ಮಷೀನ್‌ಗೆ (ಸಾಫ್ಟ್‌ವೇರ್‌ನಿಂದಲೇ ಕಟ್ಟಿದ ಕಂಪ್ಯೂಟರ್‌ಗೆ) ಸಾಗಿಸುವ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಬರಹ ಓದಿದೆ. ಈ ವಿಷಯ ಎತ್ತಿಕೊಂಡಿದ್ದಕ್ಕೆ ಖುಷಿಯಾಯಿತು. ಆದರೆ ಸರ್ವರ್ ನಿಲ್ಲಿಸದೇ ಡಿಸ್ಕ್ ನಕಲು ಮಾಡುವ ಡಿಡಿ ಕಮಾಂಡ್ ಹಾಕಿ ಸಿಸ್ಟಂ ಡಿಸ್ಕಿನ ಇಮೇಜ್ (ಇಡೀ ಡಿಸ್ಕಿನ ಪಡಿಯಚ್ಚು) ತೆಗೆಯಬಹುದು ಎಂದು ಅದರಲ್ಲಿ ಒಂದೇ ಸಾಲಿನಲ್ಲಿ ಮುಗಿಸಿದ್ದಾರೆ. ನನ್ನ ತಕರಾರು ಇರುವುದು ಆ ಸಾಲಿನ ಬಗ್ಗೆ.

ಡಿಡಿ ಡಿಸ್ಕನ್ನು ಮೊದಲ ಬ್ಲಾಕ್‌ನಿಂದ ಕೊನೆಯ ಬ್ಲಾಕ್‌ವರೆಗೆ ಸುಮ್ನೆ ಓದುತ್ತಾ ಹೋಗುತ್ತದೆ. ಅದಕ್ಕೆ ಫೈಲ್ ಗೊತ್ತಿಲ್ಲ, ಫೋಲ್ಡರ್ ಗೊತ್ತಿಲ್ಲ. 500 ಜಿಬಿ ಡಿಸ್ಕನ್ನು ಸೆಕೆಂಡಿಗೆ 100 ಎಂಬಿಯಂತೆ ಓದಿದರೂ 83 ನಿಮಿಷ ಬೇಕು. ನಿಮ್ಮ ನೆಟ್‌ವರ್ಕ್ 100 ಮೆಗಾಬಿಟ್‌ನದಾಗಿದ್ದು ಅದರ ಮೂಲಕವೇ ಕಳಿಸುವುದಾದರೆ 11 ಗಂಟೆಗೂ ಜಾಸ್ತಿ. ಅಷ್ಟೂ ಹೊತ್ತು ಸರ್ವರ್ ಬರೆಯುತ್ತಲೇ ಇರುತ್ತದೆ ಅಲ್ವಾ? ದಪ್ಪ ಖಾತೆ ಪುಸ್ತಕವನ್ನು ನೀವು ಪುಟ ಪುಟವಾಗಿ ನಕಲು ಮಾಡುತ್ತಿರುವಾಗ, ಪಕ್ಕದಲ್ಲಿ ಕುಳಿತವರು ನೀವು ಆಗಲೇ ದಾಟಿದ ಪುಟದಲ್ಲಿ ಒಂದು ಲೆಕ್ಕ ಅಳಿಸಿ, ನೀವಿನ್ನೂ ಮುಟ್ಟದ ಪುಟದಲ್ಲಿ ಅದನ್ನೇ ಬರೆದರೆ ಏನಾಗುತ್ತದೆ? ನಕಲಿನಲ್ಲಿ ಆ ಲೆಕ್ಕ ಎರಡು ಸಲ ಇರುತ್ತದೆ. ತಿರುಗುಮುರುಗಾದರೆ ಒಂದು ಸಲವೂ ಇರುವುದಿಲ್ಲ. ಹಾಗೆ ಬಂದ ಇಮೇಜ್ ಬೆಳಿಗ್ಗೆಯ ಡಿಸ್ಕೂ ಅಲ್ಲ, ಸಂಜೆಯ ಡಿಸ್ಕೂ ಅಲ್ಲ.

ಫೈಲ್ ಸಿಸ್ಟಂ (ಡಿಸ್ಕಿನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆ) ಮಾಡಲಿರುವ ಬದಲಾವಣೆಗಳನ್ನು ಮೊದಲೇ ಬರೆದಿಟ್ಟುಕೊಳ್ಳುವ ಜರ್ನಲ್ ಇದೆಯಲ್ಲ, ಅದು ಸರಿಮಾಡುತ್ತದೆ ಎನ್ನುವವರು ಇದ್ದಾರೆ. ಇಲ್ಲ. ಜರ್ನಲ್ ಇರುವುದು ಕರೆಂಟ್ ಹೋದಾಗ ಕಾಪಾಡಲು. ಆಗ ಇಡೀ ಡಿಸ್ಕ್ ಒಂದೇ ಕ್ಷಣದಲ್ಲಿ ನಿಂತಿರುತ್ತದೆ. ಇಲ್ಲಿ ಜರ್ನಲ್ ಒಂದು ಹೊತ್ತಿನದು, ಉಳಿದ ಬ್ಲಾಕ್‌ಗಳು ಇನ್ನೊಂದು ಹೊತ್ತಿನವು.

ನಾನು ಇದನ್ನು ಅನುಭವಿಸಿ ಹೇಳುತ್ತಿದ್ದೇನೆ. ಹಿಂದೆ ಕೆಲಸ ಮಾಡುತ್ತಿದ್ದ ಕಡೆ ಸರ್ವರ್ ನಿಲ್ಲಿಸಲು ಒಂದು ಗಂಟೆಯನ್ನೂ ಕೊಡಲಿಲ್ಲ, ಓಡುತ್ತಿರುವಾಗಲೇ ಇಮೇಜ್ ತೆಗೆದೆವು. ವರ್ಚುವಲ್ ಮಷೀನ್ ಬೂಟ್ ಆಯಿತು. ಫೈಲ್ ಸಿಸ್ಟಂ ತಪಾಸಣೆ ಮಾಡುವ ಎಫ್‌ಎಸ್‌ಸಿಕೆ ಒಂದಷ್ಟು ತಪ್ಪು ತೋರಿಸಿ ತಾನೇ ಸರಿಪಡಿಸಿತು, ಲಾಗಿನ್ ಆಯಿತು, ಎಲ್ಲರೂ ನಿಟ್ಟುಸಿರು ಬಿಟ್ಟೆವು. ನಾಲ್ಕು ದಿನ ಕಳೆದ ಮೇಲೆ ಡೇಟಾಬೇಸ್‌ನ ಒಂದು ಟೇಬಲ್ ಓದಲು ಬರಲಿಲ್ಲ. ಎಫ್‌ಎಸ್‌ಸಿಕೆ ಅನಾಥ ಫೈಲ್‌ಗಳನ್ನು ಹಾಕುವ ಲಾಸ್ಟ್ ಪ್ಲಸ್ ಫೌಂಡ್ ಫೋಲ್ಡರ್ ಒಳಗೆ ನೋಡಿದರೆ ಹೆಸರು ಕಳೆದುಕೊಂಡು ಬರೀ ನಂಬರ್ ಉಳಿದ ಫೈಲ್‌ಗಳು. ಎಫ್‌ಎಸ್‌ಸಿಕೆ ಫೈಲ್ ಸಿಸ್ಟಂನ ಚೌಕಟ್ಟನ್ನು ಸರಿಮಾಡುತ್ತದೆ, ಫೈಲಿನ ಒಳಗೆ ಇದ್ದದ್ದನ್ನು ತಂದುಕೊಡುವುದಿಲ್ಲ. ಅಷ್ಟರಲ್ಲಿ ಹಳೆಯ ಡಿಸ್ಕನ್ನು ಅಳಿಸಿ ಬೇರೆ ಕೆಲಸಕ್ಕೆ ಹಾಕಿಯಾಗಿತ್ತು. ಹಳೆಯ ಬ್ಯಾಕಪ್‌ಗೆ ಹೋಗಿ, ಮಧ್ಯದ ದಿನಗಳ ಎಂಟ್ರಿಗಳನ್ನು ಸಹೋದ್ಯೋಗಿಗಳು ಕಾಗದ ನೋಡಿ ಕೈಯಲ್ಲೇ ಮತ್ತೆ ಹಾಕಿದರು. ಅವರ ಮುಖ ನನಗೆ ಇನ್ನೂ ನೆನಪಿದೆ.

ಹಾಗಾದರೆ ಏನು ಮಾಡಬೇಕು? ಸಾಧ್ಯವಾದರೆ ನಿಲ್ಲಿಸಿ. ಲೈವ್ ಸಿಡಿ ಅಥವಾ ಯುಎಸ್‌ಬಿಯಿಂದ ಬೂಟ್ ಮಾಡಿ, ಡಿಸ್ಕನ್ನು ಮೌಂಟ್ ಮಾಡದೇ (ಬಳಕೆಗೆ ತೆರೆಯದೇ) ಡಿಡಿ ಹಾಕಿ. ಹಳೆಯ ಡಿಸ್ಕಿನಲ್ಲಿ ಕೆಟ್ಟ ಸೆಕ್ಟರ್ (ಓದಲಾಗದ ತುಣುಕು) ಇದ್ದರೆ ಡಿಡಿಗಿಂತ, ಅಂಥ ಡಿಸ್ಕಿನಿಂದ ಆದಷ್ಟನ್ನು ಓದಿ ತೆಗೆಯುವ ಜಿಎನ್‌ಯು ಡಿಡಿರೆಸ್ಕ್ಯೂ ವಾಸಿ. ತಪ್ಪು ಬಂದರೂ ಮುಂದುವರಿ ಎಂದು ಹೇಳಿ 1 ಎಂಬಿ ಬ್ಲಾಕ್‌ನಲ್ಲಿ ಡಿಡಿ ಓಡಿಸಿದರೆ, ಒಂದು 512 ಬೈಟ್ ಸೆಕ್ಟರ್ ಕೆಟ್ಟಿದ್ದಕ್ಕೆ ಇಡೀ 1 ಎಂಬಿ ಜಾಗದಲ್ಲಿ ಸೊನ್ನೆ ತುಂಬಿಬಿಡಬಹುದು.

ನಿಲ್ಲಿಸಲು ಆಗುವುದೇ ಇಲ್ಲ ಎಂದಾದರೆ ಸ್ನ್ಯಾಪ್‌ಶಾಟ್ ಇದೆ, ಅಂದರೆ ಒಂದು ಕ್ಷಣದಲ್ಲಿ ಡಿಸ್ಕ್ ಹೇಗಿತ್ತೋ ಹಾಗೇ ಹಿಡಿದಿಡುವುದು. ಲಿನಕ್ಸ್‌ನಲ್ಲಿ ಎಲ್‌ವಿಎಂ, ಸೊಲಾರಿಸ್‌ನಲ್ಲಿ ಎಫ್‌ಎಸ್‌ಸ್ನ್ಯಾಪ್, ಫ್ರೀಬಿಎಸ್‌ಡಿಯಲ್ಲಿ ಡಂಪ್ ಕಮಾಂಡಿನ ಎಲ್ ಆಯ್ಕೆ, ಝಡ್‌ಎಫ್‌ಎಸ್ ಇದ್ದರೆ ಅದರದ್ದೇ ಸ್ನ್ಯಾಪ್‌ಶಾಟ್. ಡೇಟಾಬೇಸ್ ಅನ್ನು ಅರೆಕ್ಷಣ ನಿಲ್ಲಿಸಿ, ಸ್ನ್ಯಾಪ್‌ಶಾಟ್ ತೆಗೆದು, ಮತ್ತೆ ಶುರುಮಾಡಿ. ಆಮೇಲೆ ಆ ಸ್ನ್ಯಾಪ್‌ಶಾಟನ್ನು ನಿಧಾನವಾಗಿ ನಕಲು ಮಾಡಿಕೊಳ್ಳಿ, 11 ಗಂಟೆ ಹಿಡಿದರೂ ಪರವಾಗಿಲ್ಲ. ಆದರೆ ಎಲ್‌ವಿಎಂ ಸ್ನ್ಯಾಪ್‌ಶಾಟ್‌ಗೆ ಕೊಟ್ಟ ಜಾಗ ಮಧ್ಯದಲ್ಲಿ ತುಂಬಿದರೆ ಅದು ಕೆಲಸಕ್ಕೆ ಬಾರದು, ಜಾಗ ಧಾರಾಳವಾಗಿ ಕೊಡಿ. ಹೀಗೆ ತೆಗೆದ ನಕಲಿನಲ್ಲಿ ಪಾರ್ಟಿಷನ್ ಟೇಬಲ್ (ಡಿಸ್ಕಿನ ಭಾಗಗಳ ಪಟ್ಟಿ), ಬೂಟ್ ಲೋಡರ್ (ಸಿಸ್ಟಂ ಶುರುಮಾಡುವ ಪ್ರೋಗ್ರಾಂ) ಇರುವುದಿಲ್ಲ. ಅವನ್ನು ಹೊಸ ಮಷೀನ್‌ನಲ್ಲಿ ನೀವೇ ಹಾಕಬೇಕು.

ಹೊಸ ಕಡೆ ಡಿಸ್ಕಿನ ಹೆಸರು ಎಸ್‌ಡಿಎ ಹೋಗಿ ವಿಡಿಎ ಆಗಬಹುದು, ಯಾವ ಡಿಸ್ಕ್ ಎಲ್ಲಿ ಮೌಂಟ್ ಆಗಬೇಕೆಂದು ಹೇಳುವ ಎಫ್‌ಎಸ್‌ಟ್ಯಾಬ್ ಫೈಲ್ ನೋಡಿ. ಹಾಗಾದರೆ, ಬೂಟ್ ಶುರುವಿನಲ್ಲಿ ಮೆಮೊರಿಗೆ ಬರುವ ಪುಟ್ಟ ಫೈಲ್ ಸಿಸ್ಟಂ ಆದ ಇನಿಟ್ ರ‍್ಯಾಮ್‌ಎಫ್‌ಎಸ್‌ನಲ್ಲಿ ವರ್ಚುವಲ್ ಡಿಸ್ಕನ್ನು ಓದಿಸುವ ವರ್ಟ್‌ಐಓ ಡ್ರೈವರ್ ಬೇಕು. ಸ್ಪಾರ್ಕ್ ಪ್ರೊಸೆಸರ್‌ನ ಯಂತ್ರವಾದರೆ ಅದರ ಇಮೇಜ್ ಇಂಟೆಲ್ ಯಂತ್ರದ ಹೈಪರ್‌ವೈಸರ್ (ವರ್ಚುವಲ್ ಮಷೀನ್ ಓಡಿಸುವ ಸಾಫ್ಟ್‌ವೇರ್) ಮೇಲೆ ಓಡುವುದೇ ಇಲ್ಲ, ಆ ಪ್ರೊಸೆಸರ್‌ನಂತೆ ನಟಿಸುವ ಎಮ್ಯುಲೇಟರ್ ಹುಡುಕಬೇಕು.

ಮೊದಲ ಬೂಟ್ ಅನ್ನು ನೆಟ್‌ವರ್ಕ್ ಕೇಬಲ್ ಕಿತ್ತಂತೆ ಮಾಡಿ ನೋಡಿ, ಇಲ್ಲದಿದ್ದರೆ ಒಂದೇ ಐಪಿಯಲ್ಲಿ ಎರಡು ಸರ್ವರ್ ಜಗಳಕ್ಕೆ ಬೀಳುತ್ತವೆ. ಲಾಗಿನ್ ಆಯಿತೆಂದು ಬಿಡಬೇಡಿ, ಡೇಟಾಬೇಸ್‌ನ ಪ್ರತಿ ಟೇಬಲ್ ಓದಿಸಿ. ಹಳೆಯ ಡಿಸ್ಕನ್ನು ಕನಿಷ್ಠ ಒಂದು ತಿಂಗಳು ಮುಟ್ಟದೇ ಬೀರುವಿನಲ್ಲಿಡಿ. ನಿಮ್ಮ ಬರಹ ಓದಿ ಈ ವಾರವೇ ಯಾರಾದರೂ ಡಿಡಿ ಹಾಕಲು ಕುಳಿತಿರಬಹುದು, ಆದಷ್ಟು ಬೇಗ ಇದನ್ನು ಪ್ರಕಟಿಸಿ ಎಂದು ಕೇಳಿಕೊಳ್ಳುತ್ತೇನೆ.

– ಒಬ್ಬ ಸಿಸ್ಟಂ ಅಡ್ಮಿನ್