ಮಗಳಿಗೊಂದು ಪತ್ರ: ಇಪ್ಪತ್ತೊಂದನೇ ಜೋಡಿ

ಪ್ರೀತಿಯ ಪುಟ್ಟಿ,

ನಿನ್ನೆ ರಾತ್ರಿ ಫೋನಿನಲ್ಲಿ ಹೇಳಿದೆಯಲ್ಲ, "ಅಮ್ಮಾ, ಜೀವಕೋಶ ಒಡೆಯುವ ಬಗೆಗಳು, ಮೈಟಾಸಿಸ್, ಮಿಯಾಸಿಸ್, ಎರಡೂ ತಲೆಯಲ್ಲಿ ಕಲಸಿಹೋಗಿವೆ, ಹೆಸರು ಬಾಯಿಪಾಠ ಮಾಡಿ ಮಾಡಿ ಸಾಕಾಗಿದೆ" ಅಂತ. ನಾನು "ಈಗ ಮಲಗು, ಬೆಳಿಗ್ಗೆ ಓದು" ಅಂದುಬಿಟ್ಟೆ. ಆಮೇಲೆ ನನಗೇ ನಿದ್ದೆ ಬರಲಿಲ್ಲ. ನಮ್ಮ ಮನೆಗೆ ಇದು ಬರೀ ಪಾಠವಲ್ಲ ಪುಟ್ಟಿ. ಇದು ನಿನ್ನ ಮಾವನ ವಿಷಯ, ಅಜ್ಜಿಯ ವಿಷಯ. ಫೋನಿನಲ್ಲಿ ಹೇಳಿ ಮುಗಿಯುವಂಥದ್ದಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಹೆಸರುಗಳನ್ನು ಸದ್ಯಕ್ಕೆ ಪಕ್ಕಕ್ಕಿಡು.

ನೀನು ಚಿಕ್ಕವಳಿದ್ದಾಗ ಮನೆಗೆ ಬಂದವರೆಲ್ಲ ನಿನ್ನ ಗಲ್ಲ ಹಿಡಿದು "ಮೂಗು ಅಪ್ಪನದು, ಹಣೆ ಅಜ್ಜಿಯದು" ಅಂತ ಪಾಲು ಮಾಡುತ್ತಿದ್ದರು. ಹಿಂದಿನ ಕಾಲದ ಎಷ್ಟೋ ಪಂಡಿತರು ಇಷ್ಟೂ ಬಿಡಿಸಿ ನೋಡಿರಲಿಲ್ಲ. ಎರಡು ಬಣ್ಣ ಕಲಸಿದ ಹಾಗೆ ತಂದೆ ತಾಯಿಯ ಗುಣಗಳು ಮಕ್ಕಳಲ್ಲಿ ಬೆರೆತುಹೋಗುತ್ತವೆ ಅಂತ ಅವರು ನಂಬಿದ್ದರು. ಸ್ವಲ್ಪ ಯೋಚಿಸು. ಹಾಗಿದ್ದಿದ್ದರೆ ಕೆಲವು ತಲೆಮಾರು ಕಳೆಯುವುದರೊಳಗೆ ಎಲ್ಲರೂ ಒಂದೇ ಥರ ಆಗಿಬಿಡಬೇಕಿತ್ತು. ಕಲಸಿದ ಬಣ್ಣವನ್ನು ಮತ್ತೆ ಬಿಡಿಸಲು ಬರುವುದಿಲ್ಲ. ಆದರೆ ಅಜ್ಜನ ಒಂದು ಚಹರೆ ಮಗನಲ್ಲಿ ಕಾಣದೆ ಮೊಮ್ಮಗಳಲ್ಲಿ ಹಾಗೇ ಎದ್ದು ಬರುತ್ತದೆ ಅಲ್ವಾ? ನಡುವೆ ಅದು ಎಲ್ಲಿತ್ತು?

ಇದಕ್ಕೆ ಉತ್ತರ ಸಿಕ್ಕಿದ್ದು ಎಣಿಕೆಯಿಂದ. ಈಗಿನ ಜೆಕ್ ದೇಶದ ಬ್ರನೋ ಊರಿನ ಮಠವೊಂದರಲ್ಲಿ ಗ್ರೆಗೋರ್ ಮೆಂಡೆಲ್ 1856ರಲ್ಲಿ ಬಟಾಣಿ ಗಿಡಗಳನ್ನು ಹಿಡಿದು ಕೂತರು. ಗುಂಡು ಬೀಜದ ಗಿಡಕ್ಕೂ ಸುಕ್ಕು ಬೀಜದ ಗಿಡಕ್ಕೂ ಅಡ್ಡತಳಿ ಮಾಡಿಸಿದರೆ ಬಂದ ಬೀಜಗಳೆಲ್ಲ ಗುಂಡು. ಸುಕ್ಕು ಮಾಯ. ಆ ಬೀಜಗಳನ್ನು ಬಿತ್ತಿ, ಗಿಡಗಳು ತಮ್ಮಷ್ಟಕ್ಕೇ ಕಾಯಿ ಕಟ್ಟಲು ಬಿಟ್ಟಾಗ 5,474 ಗುಂಡು ಬೀಜ, 1,850 ಸುಕ್ಕು ಬೀಜ ಬಂದವು. ನಿನ್ನ ಪುಸ್ತಕದಲ್ಲಿ ಇದು "3:1" ಅಂತ ಒಂದು ಸಾಲು ಅಷ್ಟೇ. ನನಗೆ ಆ ದೊಡ್ಡ ಲೆಕ್ಕವೇ ಇಷ್ಟ. ಏಳು ಸಾವಿರಕ್ಕೂ ಜಾಸ್ತಿ ಬೀಜಗಳನ್ನು ನೋಡಿ ಬೇರೆ ಮಾಡಿದ ತಾಳ್ಮೆ ಅದರಲ್ಲಿದೆ. ಅರ್ಧ ಸುಕ್ಕಿನ ಬೀಜಗಳು ಬರಲಿಲ್ಲ ಎನ್ನುವುದನ್ನು ಗಮನಿಸು. ಸುಕ್ಕು ಒಂದು ತಲೆಮಾರು ಅಡಗಿದ್ದು, ಒಂಚೂರೂ ಕರಗದೆ ಇಡಿಯಾಗಿ ವಾಪಸ್ ಬಂತು. ಅಂದರೆ ಗುಣಗಳನ್ನು ಹೊತ್ತು ತರುವುದು ಬಣ್ಣದಂಥ ದ್ರವವಲ್ಲ, ಮಣಿಯಂಥ ಬಿಡಿ ವಸ್ತು. ಪ್ರತಿಯೊಂದು ಗುಣಕ್ಕೂ ಎರಡೆರಡು ಇರುತ್ತವೆ, ಮಕ್ಕಳಿಗೆ ಹೋಗುವುದು ಅದರಲ್ಲಿ ಒಂದು. ಆ ಮಣಿಗೇ ಈಗ ನಾವು ವಂಶವಾಹಿ ಅಂತೀವಿ. ಮೆಂಡೆಲ್ ಇದನ್ನು 1866ರಲ್ಲಿ ಪ್ರಕಟಿಸಿದರು, 1884ರಲ್ಲಿ ತೀರಿಕೊಂಡರು. ಜಗತ್ತು ಅದನ್ನು ಮತ್ತೆ ತೆರೆದು ಓದಿದ್ದು 1900ರಲ್ಲಿ.

ಸುಕ್ಕು ಯಾಕೆ ಆಗುತ್ತದೆ ಅನ್ನುವುದು 1990ರಲ್ಲಿ ಗೊತ್ತಾಯಿತು. ಪಿಷ್ಟ ತಯಾರಿಗೆ ಬೇಕಾದ ಒಂದು ವಂಶವಾಹಿಯ ನಡುವೆ ಎಲ್ಲಿಂದಲೋ ಬಂದ ಡಿಎನ್‌ಎ (ವಂಶವಾಹಿಗಳು ಆಗಿರುವ ವಸ್ತು) ತುಂಡೊಂದು ಸೇರಿಕೊಂಡು ಅದನ್ನು ಕೆಡಿಸಿದೆ. ಪಿಷ್ಟ ಕಡಿಮೆಯಾಗಿ ಸಕ್ಕರೆ ಜಾಸ್ತಿಯಾಗುತ್ತದೆ, ಸಕ್ಕರೆ ನೀರನ್ನು ಎಳೆದುಕೊಳ್ಳುತ್ತದೆ, ಒಣಗುವಾಗ ಬೀಜ ಕುಗ್ಗುತ್ತದೆ. ಎರಡರಲ್ಲಿ ಒಂದು ಪ್ರತಿ ಸರಿಯಿದ್ದರೂ ಕೆಲಸ ನಡೆಯುತ್ತದೆ, ಆದ್ದರಿಂದ ಗುಂಡು ಪ್ರಬಲ, ಸುಕ್ಕು ದುರ್ಬಲ. ಇಲ್ಲಿ ಪ್ರಬಲ ಅಂದರೆ ಒಳ್ಳೆಯದು ಅಂತಲೂ ಅಲ್ಲ, ದುರ್ಬಲ ಅಂದರೆ ಕೆಟ್ಟದ್ದು ಅಂತಲೂ ಅಲ್ಲ. ಇನ್ನೊಂದು ಮಾತು. ನಾಲಿಗೆ ಮಡಿಸಲು ಬರುವುದು ಒಂದೇ ವಂಶವಾಹಿಯಿಂದ ಅಂತ ಹಳೆಯ ಪುಸ್ತಕಗಳಲ್ಲಿರುತ್ತದೆ. ನಂಬಬೇಡ. ಒಂದೇ ಥರದ ಅವಳಿಗಳಲ್ಲೂ ಕೆಲವು ಸಲ ಒಬ್ಬರಿಗೆ ಬರುತ್ತದೆ, ಇನ್ನೊಬ್ಬರಿಗೆ ಬರುವುದಿಲ್ಲ. ಎತ್ತರ, ಮೈಬಣ್ಣದಂಥ ಗುಣಗಳಿಗೆ ಹಲವಾರು ವಂಶವಾಹಿಗಳು ಕೈ ಸೇರಿಸುತ್ತವೆ.

ಈಗ ನಿನ್ನ ಕಲಸುಮೇಲೋಗರಕ್ಕೆ ಬರೋಣ.

ಈ ಮಣಿಗಳು ಪೋಣಿಸಿರುವ ದಾರಗಳೇ ವರ್ಣತಂತುಗಳು. ವಾಲ್ಟರ್ ಫ್ಲೆಮಿಂಗ್ ಎಂಬುವರು ಸಾಲಮಾಂಡರ್ ಎಂಬ ಪ್ರಾಣಿಯ ಜೀವಕೋಶಗಳಿಗೆ ಬಣ್ಣ ಹಚ್ಚಿ, ಕೋಶ ಒಡೆಯುವಾಗ ಈ ದಾರಗಳು ಹೇಗೆ ನಡೆದುಕೊಳ್ಳುತ್ತವೆ ಅಂತ ಬಿಡಿಸಿಟ್ಟರು. 1882ರಲ್ಲಿ ಅವರ ಪುಸ್ತಕ ಬಂತು. ಮೈಟಾಸಿಸ್ ಎಂಬ ಹೆಸರು ಹುಟ್ಟಿದ್ದು ದಾರ ಅನ್ನುವ ಗ್ರೀಕ್ ಪದದಿಂದ. ಮಿಯಾಸಿಸ್ ಅಂದರೆ ಅದೇ ಭಾಷೆಯಲ್ಲಿ ಕಡಿಮೆ ಮಾಡುವುದು. ಅರ್ಥ ಗೊತ್ತಾದರೆ ಅರ್ಧ ಗೊಂದಲ ಹೋಗುತ್ತದೆ.

ಮೈಟಾಸಿಸ್ ದಿನನಿತ್ಯದ ಕೆಲಸ. ನೀನು ಒಂದೇ ಒಂದು ಕೋಶವಾಗಿ ಶುರುವಾದವಳು. ಅದು ಎರಡಾಗಿ, ನಾಲ್ಕಾಗಿ ಇಷ್ಟು ದೊಡ್ಡವಳಾದೆ. ಗಾಯ ಮಾಯುವುದೂ ಇದರಿಂದಲೇ. ಒಂದು ಕೋಶದ ಡಿಎನ್‌ಎಯನ್ನೆಲ್ಲ ಬಿಡಿಸಿ ಉದ್ದಕ್ಕೆ ಜೋಡಿಸಿದರೆ ಸುಮಾರು 2 ಮೀಟರ್. ಕೋಶ ಒಡೆಯುವ ಮೊದಲೇ ಅಷ್ಟಕ್ಕೂ ನಕಲು ತಯಾರಾಗಿರುತ್ತದೆ. ನೀನು ಪ್ರೋಫೇಸ್‌ನಲ್ಲಿ, ಅಂದರೆ ಒಡೆಯುವ ಮೊದಲ ಹಂತದಲ್ಲಿ, ನಕಲಾಗುತ್ತದೆ ಅಂತ ಬರೆದಿದ್ದೆಯಲ್ಲ, ತಪ್ಪಿದ್ದು ಅಲ್ಲೇ. ಪ್ರೋಫೇಸ್ ಹೊತ್ತಿಗೆ ನಕಲು ಮುಗಿದಿರುತ್ತದೆ, ದಾರಗಳು ಗಟ್ಟಿಯಾಗಿ ಸುತ್ತಿಕೊಂಡು ಕಣ್ಣಿಗೆ ಬೀಳುವುದಷ್ಟೇ ಹೊಸದು. ಆಮೇಲೆ 46 ದಾರಗಳೂ ನಡುವೆ ಸಾಲಾಗಿ ನಿಲ್ಲುತ್ತವೆ. ಪ್ರತಿ ದಾರವೂ ತನ್ನ ನಕಲಿನಿಂದ ಬಿಡಿಸಿಕೊಂಡು ಒಂದೊಂದು ಕಡೆಗೆ ಹೋಗುತ್ತದೆ. ಆ ಕಡೆಗೂ 46, ಈ ಕಡೆಗೂ 46. ಅಷ್ಟೇ.

ಅಂದಹಾಗೆ, ಮನುಷ್ಯನಲ್ಲಿ 48 ವರ್ಣತಂತು ಇವೆ ಅಂತ ಮೂವತ್ತಕ್ಕೂ ಹೆಚ್ಚು ವರ್ಷ ವಿಜ್ಞಾನಿಗಳೇ ನಂಬಿದ್ದರು. 46 ಅಂತ ಖಚಿತವಾದದ್ದು 1956ರಲ್ಲಿ. ಎಣಿಕೆ ತಪ್ಪಿತು ಅಂತ ನೀನು ಅಳುವುದು ಬೇಡ.

ಮಿಯಾಸಿಸ್ ಬೇಕಾಗುವುದು ಅಂಡಾಣು, ವೀರ್ಯಾಣು ತಯಾರಿಸಲು ಮಾತ್ರ. ಅವುಗಳಲ್ಲೂ 46 ಇದ್ದಿದ್ದರೆ ಮಗುವಿಗೆ 92, ಮೊಮ್ಮಗುವಿಗೆ 184 ಆಗುತ್ತಿತ್ತು. ಆದ್ದರಿಂದ ಅರ್ಧ ಮಾಡಬೇಕು. ಆದರೆ ಹೇಗೆ ಬೇಕೋ ಹಾಗೆ ಅರ್ಧ ಮಾಡುವ ಹಾಗಿಲ್ಲ, 23 ಜೋಡಿಗಳಲ್ಲಿ ಪ್ರತಿಯೊಂದರಿಂದಲೂ ಒಂದೊಂದು ಬರಲೇಬೇಕು. ಅದಕ್ಕಾಗಿ ಇಲ್ಲಿ ಮೊದಲು ಜೋಡಿಗಳು ಒಂದನ್ನೊಂದು ಹುಡುಕಿಕೊಳ್ಳುತ್ತವೆ. ನನ್ನ ಅಮ್ಮನಿಂದ ಬಂದ ಒಂದನೇ ದಾರ, ನನ್ನ ಅಪ್ಪನಿಂದ ಬಂದ ಒಂದನೇ ದಾರದ ಪಕ್ಕಕ್ಕೆ ಬಂದು ಉದ್ದಕ್ಕೂ ಅಂಟಿಕೊಳ್ಳುತ್ತದೆ. ಅಂಟಿಕೊಂಡಾಗ ಎರಡೂ ಅಲ್ಲಲ್ಲಿ ತುಂಡಾಗಿ, ಆ ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಈ ಅದಲುಬದಲಿನ ಜಾಗಗಳೇ ಮುಂದೆ ಜೋಡಿಯನ್ನು ಹಿಡಿದಿಡುವ ಗಂಟುಗಳು. ಆಮೇಲೆ ಜೋಡಿ ಜೋಡಿಯಾಗಿ ನಡುವೆ ನಿಂತು, ಜೋಡಿಗಳು ಬೇರೆಯಾಗುತ್ತವೆ. ಎರಡನೇ ಸುತ್ತಿನಲ್ಲಿ ನಕಲುಗಳು ಬೇರೆಯಾಗುತ್ತವೆ. ಪರೀಕ್ಷೆಗೆ ಈ ಚಿತ್ರ ಇಟ್ಟುಕೋ: ಮೈಟಾಸಿಸ್‌ನಲ್ಲಿ ಒಂಟಿ ಸಾಲು, ಮಿಯಾಸಿಸ್‌ನ ಮೊದಲ ಸುತ್ತಿನಲ್ಲಿ ಜೋಡಿ ಸಾಲು.

ಯಾವ ಜೋಡಿಯಲ್ಲಿ ಯಾವುದು ಯಾವ ಕಡೆಗೆ ಹೋಗುತ್ತದೆ ಅನ್ನುವುದಕ್ಕೆ ನಿಯಮವಿಲ್ಲ. 23 ಜೋಡಿಗೆ 83,88,608 ಬಗೆ. ಇದು ನನ್ನ ಕಡೆಯಿಂದ ಮಾತ್ರ. ನಿನ್ನ ಅಪ್ಪನ ಕಡೆಯದನ್ನೂ ಸೇರಿಸಿದರೆ 70 ಲಕ್ಷ ಕೋಟಿ ದಾಟುತ್ತದೆ. ಅದಲುಬದಲನ್ನು ಇನ್ನೂ ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಅದರ ಮೇಲೆ ನಕಲು ಮಾಡುವಾಗ ಆಗುವ ಅಕ್ಷರದೋಷದಂಥ ಸಣ್ಣ ಬದಲಾವಣೆಗಳು, ಅಂದರೆ ನಿನ್ನ ಪುಸ್ತಕದ ಉತ್ಪರಿವರ್ತನೆ, ಪ್ರತಿ ಮಗುವಿನಲ್ಲೂ ಹತ್ತಾರು ಹೊಸದಾಗಿ ಇರುತ್ತವೆ. ಹೆಚ್ಚಿನವು ಏನೂ ಮಾಡುವುದಿಲ್ಲ. ಅನುವಂಶೀಯತೆ, ಭಿನ್ನತೆ, ಕೋಶವಿಭಜನೆ ಅಂತ ಮೂರು ಅಧ್ಯಾಯ ಮಾಡಿದ್ದಾರಲ್ಲ, ನನ್ನ ಮಟ್ಟಿಗೆ ಮೂರೂ ಒಂದೇ. ಮಣಿ ಕರಗುವುದಿಲ್ಲ, ಆದ್ದರಿಂದ ಹೋಲಿಕೆ. ದಾರಗಳು ಹಂಚಿಹೋಗುವ ರೀತಿ ಪ್ರತಿ ಸಲ ಬೇರೆ, ಆದ್ದರಿಂದ ಭಿನ್ನತೆ.

ಈಗ ನಾನು ನಿಜವಾಗಿ ಹೇಳಬೇಕೆಂದಿದ್ದ ಮಾತು.

ಹೆಣ್ಣಿನಲ್ಲಿ ಮಿಯಾಸಿಸ್ ಶುರುವಾಗುವುದು ಅವಳು ಹುಟ್ಟುವ ಮೊದಲೇ. ನಾನು ಅಜ್ಜಿಯ ಹೊಟ್ಟೆಯಲ್ಲಿದ್ದಾಗಲೇ ನನ್ನ ಅಂಡಕೋಶಗಳಲ್ಲಿ ಜೋಡಿಗಳು ಅಂಟಿಕೊಂಡವು, ತುಂಡುಗಳನ್ನು ಅದಲುಬದಲು ಮಾಡಿಕೊಂಡವು, ಅಲ್ಲಿಗೇ ನಿಂತವು. ವರ್ಷಗಟ್ಟಲೆ ಹಾಗೇ ಕಾದವು. ನೀನಾದ ಆ ಅಂಡಾಣು ಮೊದಲ ಸುತ್ತು ಮುಗಿಸಿದ್ದು ಅದು ಹೊರಬೀಳುವ ಹೊತ್ತಿಗೆ. ಎರಡನೆಯದು ಮುಗಿದದ್ದು ವೀರ್ಯಾಣು ಒಳಗೆ ಬಂದ ಮೇಲೆ. ಅಜ್ಜ ಅಜ್ಜಿಯರ ಯಾವ ತುಂಡು ಯಾವುದಕ್ಕೆ ಸೇರಿ ನಿನಗೆ ಬರಬೇಕು ಅನ್ನುವ ಅದಲುಬದಲು ನಡೆದಾಗ ನಾನೇ ಹುಟ್ಟಿರಲಿಲ್ಲ. ಇದನ್ನು ಮೊದಲ ಸಲ ಓದಿದ ದಿನ ನಾನು ಪುಸ್ತಕ ಮುಚ್ಚಿ ಸುಮ್ನೆ ಕೂತುಬಿಟ್ಟಿದ್ದೆ.

ಅಷ್ಟು ವರ್ಷ ಜೋಡಿಗಳನ್ನು ಹಿಡಿದಿಡುವುದು ಆ ಗಂಟುಗಳು ಮತ್ತು ದಾರವನ್ನು ನಕಲಿಗೆ ಕಟ್ಟಿರುವ ಪ್ರೋಟೀನ್‌ಗಳು. ಕಾಲ ಕಳೆದಂತೆ ಆ ಹಿಡಿತ ಸಡಿಲವಾಗುತ್ತದೆ. ಕೆಲವು ಸಲ ಗಂಟು ಬೀಳುವುದೇ ಇಲ್ಲ, ಅಥವಾ ಸರಿಯಾದ ಜಾಗದಲ್ಲಿ ಬೀಳುವುದಿಲ್ಲ. ಆಗ ಜೋಡಿ ಸರಿಯಾಗಿ ಬೇರೆಯಾಗದೆ ಎರಡೂ ಒಂದೇ ಕಡೆಗೆ ಹೋಗಿಬಿಡಬಹುದು. ಇಪ್ಪತ್ತೊಂದನೇ ಜೋಡಿಯಲ್ಲಿ ಹೀಗಾದರೆ ಮಗುವಿಗೆ ಆ ದಾರ ಮೂರು ಬರುತ್ತವೆ. ಒಟ್ಟು 47. ಅದೇ ಡೌನ್ ಸಿಂಡ್ರೋಮ್, ಕಲಿಕೆ, ಬೆಳವಣಿಗೆ ನಿಧಾನವಾಗುವ ಸ್ಥಿತಿ, ನಿನ್ನ ಮಾವನಿಗೆ ಇರುವುದು. ಅದರ ಕಾರಣ ಈ ಹೆಚ್ಚಿನ ದಾರ ಅಂತ 1959ರಲ್ಲಿ ಫ್ರಾನ್ಸಿನ ಜೆರೋಮ್ ಲೆಜೂನ್, ಮಾರ್ತ್ ಗೋತಿಯೆ ಮತ್ತು ರೇಮಂಡ್ ತುರ್ಪಾ ಪ್ರಕಟಿಸಿದರು. ತಾಯಿಗೆ ವಯಸ್ಸಾದಂತೆ ಸಾಧ್ಯತೆ ಏರುತ್ತದೆ, 40ರ ಹೊತ್ತಿಗೆ ಸುಮಾರು ನೂರರಲ್ಲಿ ಒಂದು. ಆದರೆ ಯಾವ ವಯಸ್ಸಿನಲ್ಲೂ ಆಗಬಹುದು. ಮಾವ ಹುಟ್ಟಿದಾಗ ಅಜ್ಜಿಗೆ 27.

ಆಗ ನಾನು ಚಿಕ್ಕವಳು. ಬಂದವರು ಹಜಾರದಲ್ಲಿ ಕೂತು ಮಾತಾಡುತ್ತಿದ್ದುದು ನೆನಪಿದೆ. ಬಸುರಿಯಿದ್ದಾಗ ಏನು ತಿಂದಳೋ, ಎಲ್ಲಿಗೆ ಹೋದಳೋ, ಯಾರ ಮಾತು ಕೇಳಲಿಲ್ಲವೋ. ಅಜ್ಜಿ ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಪಾತ್ರೆ ತೊಳೆಯುತ್ತಿದ್ದರು. ತೊಳೆದಾದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಿದ್ದರು, ಆ ಸದ್ದಿನಲ್ಲಿ ಮಾತು ಕೇಳಿಸಬಾರದು ಅಂತ. ಇಷ್ಟು ವರ್ಷವಾದರೂ ಒಮ್ಮೊಮ್ಮೆ, ಮಾವ ಮಲಗಿದ ಮೇಲೆ, "ಆಗ ನಾನೇನಾದರೂ ತಪ್ಪು ಮಾಡಿದೆನೇನೇ?" ಅಂತ ನನ್ನನ್ನು ಕೇಳುತ್ತಾರೆ. ಇಲ್ಲ ಅಂತೀನಿ. ನನ್ನ "ಇಲ್ಲ" ಅವರಿಗೆ ಸಮಾಧಾನದ ಮಾತಾಗಿ ಕೇಳಿಸುತ್ತದೆ, ನಿಜವಾಗಿ ಅಲ್ಲ.

ಆ ಗಂಟು ಬೀಳಬೇಕಿದ್ದ ಹೊತ್ತಿನಲ್ಲಿ ಅಜ್ಜಿ ಇನ್ನೂ ತಮ್ಮ ಅಮ್ಮನ ಹೊಟ್ಟೆಯಲ್ಲಿದ್ದರು ಪುಟ್ಟಿ. ಆಮೇಲಿನ ಎಳೆದಾಟವೂ ಯಾರ ಕೈಯಲ್ಲಿ ಇರುವುದಲ್ಲ. ತಿಂದದ್ದು, ನಡೆದದ್ದು, ಅತ್ತದ್ದು ಯಾವುದೂ ಆ ಜೋಡಿಯನ್ನು ಹೀಗೆ ಬೇರೆ ಮಾಡಲಿಲ್ಲ, ಹಾಗೆ ಉಳಿಸಲಿಲ್ಲ.

ಮಾವನಿಗೆ ಐದು ವರ್ಷವಾದಾಗ ಮಾಡಿಸಿದ ಪರೀಕ್ಷೆಯ ಹಾಳೆ ನನ್ನ ಬೀರುವಿನ ಮೇಲಿನ ಅರೆಯಲ್ಲಿದೆ. ಆಗ ವರ್ಣತಂತುಗಳ ಫೋಟೋ ತೆಗೆದು, ಕತ್ತರಿಯಲ್ಲಿ ಒಂದೊಂದನ್ನೂ ಕತ್ತರಿಸಿ, ಜೋಡಿ ಹಾಕಿ ಅಂಟಿಸುತ್ತಿದ್ದರು. ಹೆಚ್ಚುಕಡಿಮೆ ಉದ್ದದಿಂದ ಗಿಡ್ಡಕ್ಕೆ ಸಂಖ್ಯೆ ಕೊಟ್ಟಿರುತ್ತಾರೆ. 21 ಕೊನೆಯ ಸಾಲಿನಲ್ಲಿರುತ್ತದೆ, ಉಗುರಿನ ಚೂರಿನಷ್ಟು ಚಿಕ್ಕವು. ಅಲ್ಲಿ ಮೂರಿವೆ. ಅಜ್ಜಿ ಆ ಹಾಳೆಯನ್ನು ಒಂದು ಸಲವೂ ಬಿಡಿಸಿ ನೋಡಿಲ್ಲ.

ಪರೀಕ್ಷೆ ಮುಗಿಸಿ ಬಂದಾಗ ಅದನ್ನು ತೆಗೆದುಕೊಡುತ್ತೇನೆ. ಅಜ್ಜಿಯ ಪಕ್ಕ ಕೂತು ನೀನು ತೋರಿಸು. ನಾನು ಹೇಳಿದ್ದಕ್ಕಿಂತ ನೀನು ಹೇಳಿದ್ದನ್ನು ಅವರು ಗಮನವಿಟ್ಟು ಕೇಳುತ್ತಾರೆ. ಜೋಡಿ ಸಾಲಿನಿಂದ ಶುರು ಮಾಡು. ಅವಸರ ಬೇಡ. ಮಾವನೂ ಪಕ್ಕದಲ್ಲೇ ಬಂದು ಕೂರುತ್ತಾನೆ, ತನ್ನ ಫೋಟೋ ಅಂದರೆ ಬಿಡುವವನಲ್ಲ. ಅವನಿಗೂ ತೋರಿಸು.

ನಿನ್ನ
ಅಮ್ಮ