ಯಾಯೀರನ ಮನೆಯ ದಾರಿಯಲ್ಲಿ

ಪುಟ್ಟಿ,

"ಅಷ್ಟಕ್ಕೂ ನಿಮ್ಮ ಯೇಸು ಏನು ಮಾಡಿದರು?" ಅಂತ ನಿನ್ನ ರೂಮಿನ ಹುಡುಗಿ ಕೇಳಿದಳು, ಸಂಡೇ ಸ್ಕೂಲಿನ ಪಾಠ ಒಂದೂ ಬಾಯಿಗೆ ಬರಲಿಲ್ಲ ಅಂದೆಯಲ್ಲ. ಫೋನಿನಲ್ಲಿ ನಾನೂ ತಡವರಿಸಿದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಚಿಕ್ಕದಾಗಿ ಹೇಳಿದರೆ ನಾಲ್ಕು ಸಾಲು. ಬೆಳೆದದ್ದು ನಜರೇತಿನಲ್ಲಿ, ಕಸುಬು ಬಡಗಿ ಕೆಲಸ. ಸುಮಾರು 30ರ ವಯಸ್ಸಿಗೆ ಯೊರ್ದನ್ ಹೊಳೆಯಲ್ಲಿ ಸ್ನಾನಿಕ ಯೋಹಾನನಿಂದ ದೀಕ್ಷಾಸ್ನಾನ. ಆಮೇಲೆ ಗಲಿಲಾಯದ ಊರೂರು ಸುತ್ತಿ ಬೋಧನೆ. ಸುವಾರ್ತೆಯಲ್ಲಿ, ಅಂದರೆ ಅವರ ಬದುಕನ್ನು ಹೇಳುವ ಬೈಬಲಿನ ಭಾಗದಲ್ಲಿ, ಬರುವ ಪಸ್ಕ ಹಬ್ಬಗಳನ್ನು (ಯೆಹೂದ್ಯರಿಗೆ ವರ್ಷಕ್ಕೊಮ್ಮೆ ಬರುವ ಹಬ್ಬ) ಎಣಿಸಿದರೆ ಎರಡು ಮೂರು ವರ್ಷ, ಅಷ್ಟೇ. ಕೊನೆಗೆ ಯೆರೂಸಲೇಮಿನಲ್ಲಿ ರೋಮನ್ ಅಧಿಕಾರಿ ಪೊಂತ್ಯ ಪಿಲಾತನ ತೀರ್ಪು, ಶಿಲುಬೆ. ಮೂರನೇ ದಿನ ಎದ್ದರು ಅನ್ನುವುದು ನಮ್ಮ ನಂಬಿಕೆ. ಪರೀಕ್ಷೆಗೆ ಇಷ್ಟು ಸಾಕು, ಆ ಹುಡುಗಿಗೆ ಸಾಕಾಗೋದಿಲ್ಲ. ಅವಳಿಗೆ ಒಂದೇ ದಿನದ ಕತೆ ಹೇಳು. ಮಾರ್ಕ ಬರೆದ ಸುವಾರ್ತೆಯ 5ನೇ ಅಧ್ಯಾಯ.

ಯೇಸು ಸ್ವಾಮಿ ದೋಣಿಯಲ್ಲಿ ಗಲಿಲಾಯ ಸಮುದ್ರದ ಈಚೆ ದಡಕ್ಕೆ ಬಂದಿದ್ದಾರೆ. (ಹೆಸರಿಗೆ ಸಮುದ್ರ, ಇರುವುದು ಸಿಹಿನೀರಿನ ಸರೋವರ. 1986ರಲ್ಲಿ ಮಳೆಯಿಲ್ಲದೆ ನೀರು ತಗ್ಗಿದಾಗ ಅಲ್ಲಿನ ಕೆಸರಿನಲ್ಲಿ ಹೆಚ್ಚುಕಡಿಮೆ ಆ ಕಾಲದ್ದೇ ಒಂದು ದೋಣಿ ಸಿಕ್ಕಿತು. ಉದ್ದ 8 ಮೀಟರಿಗಿಂತ ಸ್ವಲ್ಪ ಜಾಸ್ತಿ. ಇಂಥದ್ದು ಕಂಡರೆ ನಾನು ಬಿಡೋದಿಲ್ಲ, ಗೊತ್ತಲ್ಲ.) ಯೆಹೂದ್ಯರು ಪ್ರಾರ್ಥನೆಗೆ ಸೇರುವ ಸಭಾಮಂದಿರದ ಹಿರಿಯ ಯಾಯೀರ ಬಂದು ಕಾಲಿಗೆ ಬೀಳುತ್ತಾನೆ. 12 ವರ್ಷದ ಮಗಳು ಸಾಯುವ ಹಾಗಿದ್ದಾಳೆ, ಬಂದು ಕೈಯಿಡಿ ಅಂತ ಬೇಡುತ್ತಾನೆ. ಹೊರಡುತ್ತಾರೆ.

ಹಿಂದೆ ಹೊರಟ ಜನರ ಗುಂಪಿನಲ್ಲಿ ಒಬ್ಬ ಹೆಂಗಸು. 12 ವರ್ಷದಿಂದ ರಕ್ತಸ್ರಾವ. ಇದ್ದದ್ದೆಲ್ಲ ವೈದ್ಯರಿಗೆ ಸುರಿದಳು, ಕಾಯಿಲೆ ಹೆಚ್ಚಾಯಿತೇ ಹೊರತು ಕಮ್ಮಿಯಾಗಲಿಲ್ಲ ಅನ್ನುತ್ತಾನೆ ಮಾರ್ಕ. ಇದೇ ಕತೆ ಬರೆದ ಲೂಕ ಆ "ಹೆಚ್ಚಾಯಿತು" ಅನ್ನುವುದನ್ನು ಮೆಲ್ಲಗೆ ಬಿಟ್ಟುಬಿಡುತ್ತಾನೆ. ಲೂಕ ವೈದ್ಯನಾಗಿದ್ದ ಅಂತ ಹಿಂದಿನಿಂದಲೂ ಹೇಳುತ್ತಾರೆ. ಕಸುಬಿನ ಮರ್ಯಾದೆ ಇರಬೇಕು! ನರ್ಸಿಂಗ್ ಓದುವವಳು ನೀನು, ನಿನಗೇ ಅರ್ಥವಾಗುತ್ತೆ.

ನಮ್ಮ ಮಾತಿನಲ್ಲಿ "ಮುಟ್ಟು" ಅಂದರೆ ತಾಕು ಅಂತಲೂ ಹೌದು, ತಿಂಗಳದ್ದೂ ಹೌದು. ಮುಟ್ಟಾದವಳು ಮುಟ್ಟಬಾರದು. ನಾನು ಚಿಕ್ಕವನಿದ್ದಾಗ ಹೊರಗೆ ಕೂರಿಸುವ ಮನೆಗಳನ್ನು ಕಂಡಿದ್ದೇನೆ. ಯೆಹೂದ್ಯರು ಪಾಲಿಸುತ್ತಿದ್ದ ಮೋಶೆಯ ನಿಯಮವೂ ಹಾಗೇ: ಅವಳು ಅಶುದ್ಧಳು, ಅವಳು ಕೂತ ಜಾಗವೂ ಅಶುದ್ಧ. 12 ವರ್ಷ ಹಾಗೆ ಬದುಕಿದವಳು ಹಿಂದಿನಿಂದ ಬಂದು ಅವರ ಬಟ್ಟೆ ಮುಟ್ಟಿದಳು. ರಕ್ತ ನಿಂತಿತು.

ಯೇಸು ಸ್ವಾಮಿಯೂ ನಿಂತುಬಿಟ್ಟರು. "ನನ್ನ ಬಟ್ಟೆ ಮುಟ್ಟಿದವರು ಯಾರು?"

ಇಲ್ಲಿ ನನಗೆ ಯಾಯೀರನ ಮುಖವೇ ಕಣ್ಣಿಗೆ ಕಟ್ಟುತ್ತೆ. ನಿನಗೆ ನಾಲ್ಕು ವರ್ಷವಿದ್ದಾಗ ಜ್ವರ ಏರಿ ಆಸ್ಪತ್ರೆಗೆ ಹೊತ್ತುಕೊಂಡು ಹೋಗಿದ್ದೆ. ನಮ್ಮ ಕಡೆ ಬರುತ್ತಿದ್ದ ಡಾಕ್ಟರು ನಡುವೆ ಒಬ್ಬ ಅಜ್ಜಿಯ ಹತ್ತಿರ ನಿಂತು ಮಾತಾಡಿದರು. ಎರಡು ನಿಮಿಷ ಇರಬಹುದು. ಆ ಅಜ್ಜಿಯ ಮೇಲೆ ನನಗೆ ಬಂದ ಸಿಟ್ಟು ನೆನೆದರೆ ಈಗ ನಾಚಿಕೆ. ಯಾಯೀರನಿಗೂ ಅನ್ನಿಸಿರಬೇಕು, 12 ವರ್ಷ ತಡೆದವಳು ಇನ್ನೊಂದು ಗಳಿಗೆ ತಡೆಯಬಾರದಿತ್ತೇ ಅಂತ. ಅವಳು ನಡುಗುತ್ತಾ ಬಂದು ನಡೆದದ್ದೆಲ್ಲ ಹೇಳಿದಳು. ಪೂರ್ತಿ ಕೇಳಿಸಿಕೊಂಡು "ಮಗಳೇ" ಅಂದರು. ಸುವಾರ್ತೆಗಳಲ್ಲಿ ಅವರು ಒಬ್ಬಳನ್ನು ಹಾಗೆ ಕರೆದದ್ದು ಇದೊಂದೇ ಸಂದರ್ಭದಲ್ಲಿ. ಅದೂ ಪಕ್ಕದಲ್ಲಿ ನಿಂತವನ ಮಗಳು ಸಾಯುತ್ತಿರುವಾಗ.

ಅಷ್ಟರಲ್ಲಿ ಮನೆಯಿಂದ ಸುದ್ದಿ ಬಂತು. ಮಗಳು ಹೋದಳು, ಇನ್ನು ಗುರುವಿಗೆ ಯಾಕೆ ತೊಂದರೆ ಅಂತ.

ಆದರೂ ಹೋದರು. ನಿದ್ದೆ ಮಾಡುತ್ತಿದ್ದಾಳೆ ಅಂದದ್ದಕ್ಕೆ ಅಳುತ್ತಿದ್ದವರೆಲ್ಲ ನಕ್ಕರು. ಅವರನ್ನು ಹೊರಗೆ ಕಳಿಸಿ, ಅಪ್ಪ ಅಮ್ಮನನ್ನೂ ಮೂವರು ಶಿಷ್ಯರನ್ನೂ ಕರೆದುಕೊಂಡು ಒಳಗೆ ಹೋದರು. ಹೆಣ ಮುಟ್ಟಿದರೂ ಮೈಲಿಗೆಯೇ. ಕೈ ಹಿಡಿದರು. "ತಲಿಥಾ ಕೂಮ್." ಮಾರ್ಕ ಬರೆದದ್ದು ಗ್ರೀಕಿನಲ್ಲಿ, ಆದರೆ ಈ ಎರಡು ಮಾತನ್ನು ಯೇಸು ಸ್ವಾಮಿಯ ಮನೆಮಾತಾದ ಅರಮಾಯಿಕ್‌ನಲ್ಲೇ ಉಳಿಸಿದ್ದಾನೆ. ಪುಟ್ಟಿ, ಏಳು, ಅಂದ ಹಾಗೆ. ಸ್ಕೂಲಿಗೆ ಹೊತ್ತಾಯಿತು ಅಂತ ನಾನು ನಿನ್ನನ್ನು ಎಬ್ಬಿಸುತ್ತಿದ್ದದ್ದೂ ಹಾಗೇ ಅಲ್ವಾ?

ಹುಡುಗಿ ಎದ್ದು ಓಡಾಡಿದಳು. ಎಲ್ಲರೂ ಬೆಪ್ಪಾಗಿ ನಿಂತಿದ್ದರು. "ಅವಳಿಗೆ ತಿನ್ನಲು ಏನಾದರೂ ಕೊಡಿ" ಅಂತ ಯೇಸು ಸ್ವಾಮಿಯೇ ನೆನಪಿಸಬೇಕಾಯಿತು.

ನಿನ್ನ ಗೆಳತಿಗೆ ಇದನ್ನು ಹೇಳು. ನಂಬಲೇಬೇಕು ಅಂತೇನಿಲ್ಲ. ಅಮ್ಮ ಕೋಡುಬಳೆ ಮಾಡಿದ್ದಾಳೆ, ನಾಳೆ ಕೊರಿಯರ್‌ಗೆ ಹಾಕುತ್ತೇನೆ. ಅವಳಿಗೂ ಕೊಡು.

ನಿನ್ನ ಅಪ್ಪ